ನಮ್ಮ ದಂಡೆಯ ನಷ್ಟ ಕಡಿಮೆಯಂತೆ

ಶುಕ್ರವಾರ, ಮಧ್ಯಾಹ್ನ
(ನೆರೆ ಇಳಿದು ಐದನೇ ತಿಂಗಳು)

ತಂಗೀ,

ಪ್ರತಿ ಸಲ ಮೊದಲು 'ಪ್ರೀತಿಯ' ಎಂದು ಬರೆಯುತ್ತಿದ್ದೆ. ಈ ಸಲ ಕೈ ಏಳಲಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ. ಕಾಗದವಾದರೆ ಕೊನೆವರೆಗೂ ಓದಲೇಬೇಕು.

ಕಳೆದ ತಿಂಗಳು ನಿಮ್ಮ ಕಚೇರಿ ಕರೆದ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ನೀನು ನೋಡಿದೆ, ನೋಡದವಳ ಹಾಗೆ ಇದ್ದೆ. ನಕ್ಷೆ ತೋರಿಸಿ, ನೆರೆಯಿಂದ ಹೊಳೆಯ ಆ ದಂಡೆಗೆ ಆದ ನಷ್ಟ ಹೆಚ್ಚು, ಈ ದಂಡೆಗೆ ಆದದ್ದು ಕಡಿಮೆ, ಆದ್ದರಿಂದ ತಡೆಗೋಡೆ ಆ ಕಡೆಗೆ ಮಾತ್ರ ಎಂದೆ. ಅಲ್ಲಿ ಗೋಡೆ ಎದ್ದರೆ ಮುಂದಿನ ನೆರೆಯಲ್ಲಿ ನಮ್ಮ ಕಡೆ ನೀರು ಇನ್ನೂ ಒಂದೂವರೆ ಅಡಿ ಏರುತ್ತದೆ ಎಂಬುದನ್ನೂ ನೀನೇ ಓದಿದೆ, ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ.

ಆಗ ನಮ್ಮ ಪಕ್ಕದ ಮನೆಯ ಗುಂಡಿ ಅಜ್ಜಿ ಎದ್ದು ನಿಂತರು. "ನಮ್ಮ ಕಡೆ ನಷ್ಟ ಕಮ್ಮಿ ಅಂದ್ರಲ್ಲ ಮೇಡಂ, ನಾವೇನು ಕಮ್ಮಿ ಮುಳುಗಿದ್ವಾ?" ಎಂದು ಕೇಳಿದರು. "ಲೆಕ್ಕ ಹಾಗೆ ಬರುತ್ತೆ ಅಜ್ಜಿ" ಅಂದೆ ನೀನು. "ತಾನಾಗೇ ಬರೋಕೆ ಅದೇನು ಮಳೆನಾ?" ಅಂದರು ಅಜ್ಜಿ. ಸಭೆ ನಕ್ಕಿತು. ನೀನು ಮುಂದಿನ ಹಾಳೆ ತಿರುಗಿಸಿದೆ.

ಆ ಲೆಕ್ಕ ಹೇಗೆ ಬಂತೆಂದು ನನಗೆ ಗೊತ್ತು. ಗೋಡೆಯ ಮೇಲಿನ ಕಲೆಗೆ ಟೇಪು ಹಿಡಿದಿರಿ. ಮನೆ ಯಾವ ದರ್ಜೆಯದೆಂದು ಗುರುತು ಹಾಕಿದಿರಿ. ಇಷ್ಟು ಅಡಿ ನೀರು, ಇಂಥ ಮನೆ, ಇಷ್ಟು ನಷ್ಟ! ಆ ಕಡೆಯ ಒಂದು ನೆಲಮಾಳಿಗೆಯಲ್ಲಿ ಮುಳುಗಿದ ನಾಲ್ಕು ಕಾರಿನ ನಷ್ಟ ನಮ್ಮ ಇಡೀ ಓಣಿಯದನ್ನು ಮೀರಿಸಿತು. ಅಜ್ಜಿ ಮನೆಯಲ್ಲೇ ಕೂತು ಕಾರ್ಖಾನೆಯ ಅಂಗಿಗಳಿಗೆ ಗುಂಡಿ ಹೊಲಿದು ಬದುಕುವವರು. ಹತ್ತೊಂಬತ್ತು ದಿನ ಕೆಲಸ ನಿಂತದ್ದಕ್ಕೆ ಕಾರ್ಖಾನೆ ಆ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟಿತು. ನಿನ್ನ ವರದಿಯಲ್ಲಿ ಅಜ್ಜಿಯ ಉದ್ಯೋಗ 'ಇಲ್ಲ', ನಷ್ಟ 'ಮಂಚ ಒಂದು'. ಈಗ ಅವರು ದಿನವಿಡೀ ಬಾಗಿಲಲ್ಲಿ ಕೂತಿರುತ್ತಾರೆ. ಬೆರಳುಗಳು ಮಾತ್ರ ಸುಮ್ಮನಿರುವುದಿಲ್ಲ, ಸೆರಗಿನ ಅಂಚನ್ನೇ ಹೊಲಿಯುತ್ತಿರುತ್ತವೆ.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನೀನು ಎಣಿಸಿದೆ, ಅದೂ ತಪ್ಪಾಗಿ.

ನಿನ್ನ ವರದಿಯಲ್ಲಿ ನನ್ನ ಪುಸ್ತಕ ಬೈಂಡಿಂಗ್ ಅಂಗಡಿಯ ಹೆಸರಿನ ಮುಂದೆ ಸೊನ್ನೆ ಇದೆಯಲ್ಲ, ಅದರ ಮಾತಿಗೆ ಬರುತ್ತೇನೆ. ಅಪ್ಪ ಹೋದ ಮೇಲೆ ನಿನ್ನನ್ನು ಓದಿಸಿದ್ದು ಅದೇ ಅಂಗಡಿ. ಸಮೀಕ್ಷೆಗೆ ಬಂದ ಆವತ್ತು ನೀನು ಮೇಲಧಿಕಾರಿಯ ಜೊತೆ ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತು, "ನಿಮ್ಮ ಕಸುಬೇನಮ್ಮಾ?" ಎಂದು ಕೇಳಿದೆ. ನನ್ನನ್ನು! ಮೈಯೆಲ್ಲ ಉರಿದುಹೋಯಿತು. "ಏನೂ ಹೋಗಿಲ್ಲ ಮೇಡಂ, ಬರ್ಕೊಳ್ಳಿ" ಅಂದುಬಿಟ್ಟೆ. ನನ್ನ ಬೆನ್ನ ಹಿಂದೆಯೇ ಕತ್ತರಿಸುವ ಯಂತ್ರ ಕೆಸರಲ್ಲಿ ಹೂತಿತ್ತು. ರಟ್ಟುಗಳು ನೀರು ಕುಡಿದು ದಿಂಬಿನಷ್ಟು ಊದಿದ್ದವು. ನಿನಗೆ ಕಾಣಲಿಲ್ಲವೇ? ಕಂಡಿತು. ಆದರೂ ಸೊನ್ನೆ ಬರೆದೆ, ನಾನು ಹೇಳಿದೆನೆಂದು.

ಆ ಸೊನ್ನೆ ನನ್ನ ಸಿಟ್ಟಿನ ಹುಟ್ಟುವಳಿ, ಒಪ್ಪುತ್ತೇನೆ. ಆದರೆ ಅದು ನನ್ನೊಬ್ಬಳಿಗೇ ನಿಲ್ಲಲಿಲ್ಲ. ಅಷ್ಟು ಕಳೆದುಕೊಂಡ ಬೈಂಡಿಂಗ್ ಅಕ್ಕನೇ ಕೈ ಚಾಚಲಿಲ್ಲ, ನಾವ್ಯಾಕೆ ಎಂದು ಓಣಿಯ ಎಷ್ಟೋ ಮಂದಿ ಕಡಿಮೆ ಹೇಳಿದರಂತೆ. ಸಭೆಯ ಮರುದಿನದಿಂದ ನೋಟ್‌ಬುಕ್ ಹಿಡಿದು ಮನೆಮನೆ ಹತ್ತಿ ಇಳಿದೆ. ಮೊದಲು ತಪ್ಪಾಯಿತು ಎಂದೆ, ಆಮೇಲೆ ಕೇಳಿದೆ. ಸೈಕಲ್ ರಿಪೇರಿಯವನು ಬೈದೇ ಬಾಗಿಲು ತೆಗೆದ. ಇನ್ನೂರ ಹನ್ನೆರಡು ಮನೆ. ಯಾರ ಕೆಲಸ ಎಷ್ಟು ದಿನ ನಿಂತಿತು, ಯಾವ ಮಗುವಿನ ಶಾಲೆ ಬಿಟ್ಟುಹೋಯಿತು, ಎಲ್ಲ ಬರೆದುಕೊಂಡಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಇವಕ್ಕೆ ಜಾಗವಿಲ್ಲದಿದ್ದರೆ ಪಟ್ಟಿಯನ್ನು ಅಗಲ ಮಾಡಿ. ಓಣಿಯನ್ನು ಕಿರಿದು ಮಾಡಬೇಡಿ.

ನಿನ್ನ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಅದು ಇಳಿಯಲಿ ಎಂದು ಕಾಯುತ್ತಲೂ ಇಲ್ಲ.

ನಿನ್ನ
ಅಕ್ಕ

ತಾ.ಕ.: ಇದನ್ನು ಬರೆದು ನಾಲ್ಕು ದಿನ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಆ ನೋಟ್‌ಬುಕ್ ಇಟ್ಟು ಆಕ್ಷೇಪಣೆ ಸಲ್ಲಿಸಿದ್ದೇವೆಂದು ಮೊದಲೇ ತಿಳಿದರೆ ತಡೆಯುತ್ತೀಯೇನೋ ಎಂಬ ಅನುಮಾನ. ನಿನ್ನ ಮೇಲೆ ಅನುಮಾನ ಪಡುವ ದಿನವೂ ಬಂತು ನೋಡು. ನಮ್ಮ ಆಕ್ಷೇಪಣೆ ಇವತ್ತು ಸ್ವೀಕಾರವಾಯಿತು. ಗೋಡೆಯ ಕೆಲಸ ನಿಲ್ಲಿಸಿ ಮತ್ತೆ ಸಮೀಕ್ಷೆ ಮಾಡುತ್ತಾರಂತೆ, ನಿನ್ನನ್ನು ಬಿಟ್ಟು. ವರದಿ ಬರೆದ ಅಧಿಕಾರಿಗೂ ನಿಮಗೂ ಸಂಬಂಧವಿದೆಯೇ ಎಂದು ಅರ್ಜಿಯಲ್ಲಿ ಕೇಳಿದ್ದರು. 'ಒಡಹುಟ್ಟಿದ ಅಕ್ಕ' ಎಂದು ಬರೆದೆ. ಗುಮಾಸ್ತ ಎರಡು ಸಲ ಓದಿ, "ಇದು ಬೇಕಾ ಅಮ್ಮಾ? ಅವರಿಗೆ ತೊಂದ್ರೆ ಆಗುತ್ತೆ" ಅಂದ. ಬೇಕು ಅಂದೆ.