ಶುಕ್ರವಾರದ ಕ್ಯಾರಿಯರ್

ಜುಲೈ 4, ಶುಕ್ರವಾರ

ಉಪವಾಸ. ಐದು ವರ್ಷದಿಂದ ಶುಕ್ರವಾರ ಸಂಜೆವರೆಗೆ ನೀರು ಬಿಟ್ಟರೆ ಏನಿಲ್ಲ. ಆರಕ್ಕೇ ನಲ್ಲಿ ಬಂತು, ಎಂಟು ಬಿಂದಿಗೆ ಹಿಡಿದೆ. ಅಂಗಳ ಗುಡಿಸಿದೆ. ಮುದ್ದೆ ತೊಳಸಿ, ಸೊಪ್ಪಿನ ಸಾರು ಮಾಡಿ, ಕ್ಯಾರಿಯರ್ ಕಟ್ಟಿಕೊಂಡು ಮುನಿಯಲ್ಲಮ್ಮನ ಗುಡಿಸಲಿಗೆ.

ಪಾಪ, ನಡೆಯಲಾರಳು. ಗೌನಿಪಲ್ಲಿ ಕಡೆ ಮಾವಿನ ತೋಪಿನಲ್ಲಿ ಮೂವತ್ತು ವರ್ಷ ಜೀತಕ್ಕಿದ್ದವಳು. ತನ್ನವರು ಯಾರೂ ಇಲ್ಲ. ಉಳಿದ ದಿನ ಕೂತಲ್ಲೇ ಗಂಜಿ ಕಾಯಿಸಿಕೊಳ್ಳುತ್ತಾಳೆ. ಶುಕ್ರವಾರ ನನ್ನದು. ಕಾಲಿನ ಹುಣ್ಣು ತೊಳೆದು ಬಟ್ಟೆ ಕಟ್ಟಿದೆ. ಪ್ರಾರ್ಥನೆ ಮಾಡಿದೆ. ಅವಳದು ಯಾವಾಗಲೂ ಅದೇ ಮಾತು — "ಅಲ್ಲಿಡಿ ಅಮ್ಮೋರೆ. ಆಮೇಲೆ ಉಣ್ತೀನಿ."

ಜುಲೈ 11, ಶುಕ್ರವಾರ

ಗುಡಿಸಲಲ್ಲಿ ಕೊಡೆ ಮರೆತು ಅರ್ಧ ದಾರಿಯಿಂದ ವಾಪಸ್ ಹೋದೆ. ಹೋಗಬಾರದಿತ್ತು.

ಪಕ್ಕದ ಬೀದಿಯ ಜೈನಾಬ್, ಬಟ್ಟೆ ಹೊಲಿಯುವವಳು, ಒಳಗೆ ಕೂತಿದ್ದಳು. ಒಂದೇ ತಟ್ಟೆ, ಇಬ್ಬರ ಕೈ. ನನ್ನ ಮುದ್ದೆ, ನನ್ನ ಸಾರು. ಮುದುಕಿ ನಗುತ್ತಿದ್ದಳು. ಅವಳಿಗಿರುವುದು ಎರಡೇ ಹಲ್ಲು ಎಂದು ಇವತ್ತು ಗೊತ್ತಾಯಿತು. ಐದು ವರ್ಷಕ್ಕೆ.

"ಬನ್ನಿ ಆಂಟಿ," ಅಂದಳು ಜೈನಾಬ್. "ಸಾರು ಚೆನ್ನಾಗಿದೆ. ಉಪ್ಪು ಸ್ವಲ್ಪ ಕಮ್ಮಿ."

ಉಪವಾಸದವಳು ಉಪ್ಪು ನೋಡುವುದು ಹೇಗೆ?

ಕೊಡೆ ತೆಗೆದುಕೊಂಡು ಬಂದೆ. ಮುದುಕಿ ನನಗೆ ಅನ್ನುವುದು "ಬನ್ನಿ ಅಮ್ಮೋರೆ". ಅವಳಿಗೆ "ಬಾರೇ ಜೈನೂ". ಹುಣ್ಣು ತೊಳೆದವಳು ನಾನು.

ಜುಲೈ 13, ಭಾನುವಾರ

ಪಾಸ್ಟರಯ್ಯ ಬಡವರ ಸೇವೆಯ ಬಗ್ಗೆ ಹೇಳುತ್ತಾ ಎಲ್ಲರ ಮುಂದೆ ನನ್ನ ಹೆಸರು ಎತ್ತಿದರು. "ನಮ್ಮ ರಾಹೇಲಮ್ಮನನ್ನು ನೋಡಿ." ತಲೆ ತಗ್ಗಿಸಿದೆ. ಮನಸ್ಸಿನಲ್ಲಿ ಇದ್ದದ್ದು ಆ ತಟ್ಟೆ ಒಂದೇ. ಕರ್ತನೇ, ಹೊಟ್ಟೆಕಿಚ್ಚು ಎಂದು ಬರೆಯಲು ಕೈ ಏಳುತ್ತಿಲ್ಲ...

ಬರೆದೆ.

ಜುಲೈ 18, ಶುಕ್ರವಾರ

ಗುಡಿಸಲಿಗೆ ಹೋಗುವ ಮುಂಚೆ ಜೈನಾಬಳ ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ. "ಶುಕ್ರವಾರ ನಮ್ಮ ಸಭೆ ಕಡೆಯ ಊಟ. ನೀನು ಬೇರೆ ದಿನ ಹೋಗಮ್ಮ."

ಮೆಷಿನ್ ನಿಲ್ಲಿಸಿದಳು. ಹಲ್ಲಿನಲ್ಲಿ ದಾರ ಕಡಿದಳು. "ಸರಿ ಆಂಟಿ."

ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ಸಭೆ ಹೇಳಿರಲಿಲ್ಲ. ನಾನೇ ಹೇಳಿದ್ದು.

ಜುಲೈ 19

ಕ್ಯಾರಿಯರ್ ತರಲು ಹೋದೆ. ಮುಟ್ಟಿಲ್ಲ. ಸಾರು ಹಳಸಿತ್ತು. ಮುದುಕಿ ಗೋಡೆ ಕಡೆ ತಿರುಗಿ ಮಲಗಿದ್ದಳು. 

ಜುಲೈ 25, ಶುಕ್ರವಾರ

ಉಪವಾಸ. ಇವತ್ತು ಕ್ಯಾರಿಯರ್ ಇಟ್ಟು ಎದ್ದು ಬರಲಿಲ್ಲ. ಎದುರಿಗೇ ಕೂತೆ.

"ಯಾಕವ್ವಾ ಉಣ್ತಿಲ್ಲ?"

"ಒಬ್ಬಳೇ ಉಂಡೂ ಉಂಡೂ ಸಾಕಾಗೈತೆ. ತೋಪಲ್ಲಿ ಕಲ್ಲಿನ ಮೇಲಿಟ್ಟು ದೂರ ಹೋಗೋರು. ನೀವೂ ಇಟ್ಟು ಹೋಗ್ತೀರ."

"ನನಗೆ ಉಪವಾಸ ಅವ್ವಾ."

"ಐದು ವರ್ಷದಿಂದಾನಾ?"

"ಶುಕ್ರವಾರ ಶುಕ್ರವಾರ."

"ನಮ್ಮ ಮನೇಲಿ ಉಣ್ಣದೋರು ಎಲ್ಲಾ ಒಂದೊಂದು ಹೇಳ್ತಾರೆ ಅಮ್ಮೋರೆ. ತೋಪಿನೋರು ಮಡಿ ಅಂದ್ರು. ನೀವು ಉಪವಾಸ ಅಂತೀರ. ನೀವು ಒಳ್ಳೆಯೋರು, ಹುಣ್ಣು ತೊಳೀತೀರ. ಜೈನೂ ತೊಳೆಯಲ್ಲ, ಅವಳಿಗೆ ಅಸಹ್ಯ. ಉಣ್ತಾಳೆ."

ಕ್ಯಾರಿಯರ್ ಅಲ್ಲೇ ಬಿಟ್ಟು ಬಂದೆ.

ನಮ್ಮ ತಾತನ ಬೊಗಸೆಗೂ ಮೇಲಿಂದಲೇ ನೀರು ಹೊಯ್ಯುತ್ತಿದ್ದರು. ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಬಟ್ಟಲಲ್ಲಿ ಕುಡಿಯುತ್ತಾರೆ ಎಂದು ಕೇಳಿ ಸಭೆಗೆ ಬಂದವರು ಅವರು. ಮುದುಕಿ ನನ್ನನ್ನು ತೋಪಿನವರ ಸಾಲಿಗೆ ಸೇರಿಸಿದಳು.

ಜುಲೈ 26

ಜೈನಾಬಳಿಗೆ ಹೇಳಿ ಬಂದೆ. "ತಪ್ಪು ನನ್ನದು. ಶುಕ್ರವಾರಾನೂ ಹೋಗು."

"ನೀವು ಅನ್ನದಿದ್ರೂ ಹೋಗ್ತಿದ್ದೆ ಆಂಟಿ," ಅಂದಳು. ನಕ್ಕಳು. ಚೆಲುವೆ, ನಕ್ಕರೆ. ಅದನ್ನೂ ತಡೆಯಲಾಗಲಿಲ್ಲ ನನಗೆ.

ಆಗಸ್ಟ್ 8, ಶುಕ್ರವಾರ

ಹತ್ತು ದಿನ ಜ್ವರ. ಮಂಡಿ ಊದಿದೆ, ಹೊಸ್ತಿಲು ದಾಟಲಾರೆ. ಆದರೂ ಉಪವಾಸ ಬಿಟ್ಟಿಲ್ಲ.

ಹನ್ನೆರಡಕ್ಕೆ ಜೈನಾಬ್ ಬಂದಳು. ಕೈಯಲ್ಲಿ ನನ್ನದೇ ಕ್ಯಾರಿಯರ್.

"ಅವ್ವ ಕೊಟ್ಟು ಕಳಿಸಿದ್ರು. ನಾನು ಮಾಡಿದ್ದಲ್ಲ. ಅವರೇ ಕೂತಲ್ಲೇ ಮುದ್ದೆ ತೊಳಸಿದ್ದು, ಕೋಲು ಹಿಡಿಯೋಕೂ ಬಿಡಲಿಲ್ಲ ನನಗೆ. ಉಣ್ತಾರೋ ಇಲ್ವೋ, ಇವತ್ತೇ ಉತ್ತರ ತಗೊಂಡು ಬಾ ಅಂದ್ರು."

"ಸಂಜೆ ಉಣ್ತೀನಿ ಅಂತ ಹೇಳು."

"ಅದನ್ನ ನೀವೇ ಹೇಳಿ ಆಂಟಿ, ನಾನು ಹೇಳಲ್ಲ. ಗಿರಾಕಿ ಕಾಯ್ತಿದ್ದಾರೆ, ಉತ್ತರ ಕೊಡೋವಾಗ ನನಗೆ ಫೋನ್ ಮಾಡಿ." ಹೋದಳು.

ಕ್ಯಾರಿಯರ್ ಮುಂದಿಟ್ಟುಕೊಂಡು ಕೂತೆ. ಮೊದಲು ಬಂದ ಯೋಚನೆ — ಇದರಲ್ಲಿ ಜೈನಾಬಳಿಗೂ ಕೊಟ್ಟಳೇ, ನನಗೊಬ್ಬಳಿಗೇನಾ? ಥೂ, ನನ್ನ ಬುದ್ಧಿಯೇ.

ಮಧ್ಯಾಹ್ನ 3

ಉಂಡೆ.

ಮುದ್ದೆಯಲ್ಲಿ ಗಂಟಿತ್ತು. ಸಾರಿಗೆ ಉಪ್ಪು ಜಾಸ್ತಿ. ಬೇಕೆಂದೇ ಹಾಕಿದ್ದಾಳೆ, ಮುದುಕಿ. ಒಂದು ಚೂರೂ ಬಿಡಲಿಲ್ಲ. ಐದು ವರ್ಷದ ಶುಕ್ರವಾರ ಇವತ್ತು ಮುರಿಯಿತು. 

ಗೋಡೆ ಹಿಡಿದು ಹೋಗಿ ಕ್ಯಾರಿಯರ್ ತೊಳೆದೆ. ಫೋನ್ ಮಾಡಿದೆ. "ಜೈನೂ, ಬಂದು ನನ್ನ ಉತ್ತರ ತಗೊಂಡು ಹೋಗಮ್ಮ."

"ಚೀಟಿ ಬರೆದಿದ್ದೀರಾ ಆಂಟಿ? ಅವ್ವಂಗೆ ಓದೋಕೆ ಬರಲ್ಲ."

"ಚೀಟಿ ಅಲ್ಲ. ಕ್ಯಾರಿಯರ್. ತೊಳೆದಿದ್ದೀನಿ. ಬರಿದು ಕಳಿಸಬಾರದಲ್ಲ, ಒಳಗೆ ಒಂದು ಹಿಡಿ ಉಪ್ಪು ಹಾಕಿದ್ದೀನಿ."