ಬಟಾಣಿಯ ಬಾಯಿಪಾಠ

ಮನೆಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀ? ಮಂಡಿನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಅಜ್ಜಿ ಈಗಲಾದರೂ ರಾತ್ರಿ ಮಲಗುತ್ತಾರೆಯೇ, ಇಲ್ಲ ಇನ್ನೂ ಗಳಿಗೆಗೊಮ್ಮೆ ಗಂಟೆ ಬಾರಿಸಿ ನಿನ್ನನ್ನು ಎಬ್ಬಿಸುತ್ತಾರೆಯೇ? ನಾವಿಲ್ಲಿ ಮೂವರೂ ಕ್ಷೇಮ. ನಿನ್ನ ಚಿಕ್ಕ ಮಗಳು ಬಟಾಣಿಗೆ ಮುಂದಿನ ಹಲ್ಲು ಬಿದ್ದಿದೆ, ಆ ಸಂದಿಯಿಂದ ಗಾಳಿ ಬಿಡುವುದೇ ಅವಳಿಗೆ ಈಗ ದೊಡ್ಡ ಆಟ. ಮುಂದೆ ಓದುತ್ತಾ ನೀನು ಗಾಬರಿಪಡಬಾರದೆಂದು ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಾತನ ಗಂಟಲಿಗೆ ಏನೂ ಆಗಿಲ್ಲ. ಗಟ್ಟಿಮುಟ್ಟಾಗಿದ್ದಾರೆ, ಟೀಗೆ ಸಕ್ಕರೆ ಸಾಲದು ಎಂದು ಈಗಷ್ಟೇ ಜಗಳವಾಡಿ ಹೋದರು.

ಭಾನುವಾರ ಫೋನಿನಲ್ಲಿ ಬಟಾಣಿ ಓದಿದ್ದನ್ನು ಕೇಳಿ ನಿನ್ನ ದನಿ ಬದಲಾಯಿತು. "ಮೊದಲು ನೀರು ಕುಡಿದ ಹಾಗೆ ಓದ್ತಿದ್ದ ಮಗು ಈಗ ಯಾಕೆ ಹೀಗೆ ತಡವರಿಸ್ತಿದೆ? ನೀವೆಲ್ಲ ಅಲ್ಲಿ ಏನು ಮಾಡ್ತಿದ್ದೀರಿ? ಇರು, ನಾನೇ... ನಾನೇ ಬಂದುಬಿಡ್ತೀನಿ" ಅಂದೆ. ಆಗ ಬಟಾಣಿ ನನ್ನ ಭುಜಕ್ಕೆ ಅಂಟಿಕೊಂಡೇ ಕೂತಿದ್ದಳು, ಅವಳ ಓದಿನ ವಿಷಯ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಅದಕ್ಕೇ ಈ ಪತ್ರ. ಮಧ್ಯದಲ್ಲಿ ಬಿಟ್ಟುಹೋದವರನ್ನು ಆ ಮನೆಯವರು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ನೀನೇ ಹೇಳಿದ್ದೀ. ನೀನು ಅಲ್ಲಿಗೆ ಹೋಗಿದ್ದೇ ಬಟಾಣಿಯ ಶಾಲೆಯ ಫೀಸಿಗಾಗಿ. ಅದೇ ಶಾಲೆಯ ವಿಷಯಕ್ಕೆ ಕೆಲಸ ಬಿಟ್ಟು ಬರುವ ಮೊದಲು ಇದನ್ನು ಪೂರ್ತಿ ಓದು. ನನ್ನ ಅಕ್ಷರ ಸೊಟ್ಟಗಿದ್ದರೆ ಬೈದುಕೊಂಡಾದರೂ ಓದು.

ಎಲ್ಲ ಶುರುವಾದದ್ದು ತಾತನಿಂದ. ಮೆಟ್ಟಿಲ ಕೆಳಗಿನ ಬೀಗದಕೈ ಅಂಗಡಿಯನ್ನು ಅವರು ಜ್ವರ ಬಂದಾಗಲೂ ಮುಚ್ಚಿದವರಲ್ಲ, ನಿನಗೇ ಗೊತ್ತು. ಅಂಥವರು ಮಧ್ಯಾಹ್ನದ ಹೊತ್ತು ಅಂಗಡಿ ಮುಚ್ಚಿ ಎಲ್ಲಿಗೋ ಹೋಗತೊಡಗಿದರು. ಪಕ್ಕದಲ್ಲಿ ಚಪ್ಪಲಿ ಹೊಲಿಯುವವರು ನನ್ನನ್ನು ತಡೆದು, "ನಿಮ್ಮ ತಾತ ತಲೆ ಬಾಚ್ಕೊಂಡು, ಒಗೆದ ಅಂಗಿ ಹಾಕ್ಕೊಂಡು ಹೋಗ್ತಾರಲ್ಲಮ್ಮ, ಏನು ಸಮಾಚಾರ?" ಎಂದು ಹುಬ್ಬು ಹಾರಿಸಿದರು. ನಗಬೇಡ ಅಮ್ಮ. ನನಗೂ ಮೊದಲು ಅದೇ ಅನುಮಾನ ಬಂದಿತು. ಆ ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳೂ ನಾನೇ. ಈ ವಯಸ್ಸಿನಲ್ಲಿ ಗೆರೆ ಸರಿಯಾಗಿ ಕೂರಬೇಕೆಂದು ಹಟ ಹಿಡಿಯುವವರನ್ನು ನಮ್ಮ ಇಸ್ತ್ರಿ ಅಂಗಡಿಯಲ್ಲಿ ಬೇಕಾದಷ್ಟು ನೋಡಿದ್ದೇನೆ, ಅವರು ಯಾರೂ ಸುಮ್ಮನೆ ಹಾಗೆ ಮಾಡುವುದಿಲ್ಲ.

ಆಮೇಲೆ ಕಂಡದ್ದು ಬೇರೆಯೇ. ಒಂದು ಬೆಳಿಗ್ಗೆ ನಾನು ಅಡುಗೆಮನೆಯಿಂದ ಬಂದಾಗ ತಾತ ಕನ್ನಡಿಯ ಮುಂದೆ ನಿಂತು ಗಂಟಲನ್ನು ಹಿಡಿದುಕೊಂಡಿದ್ದರು. ನನ್ನನ್ನು ಕಂಡದ್ದೇ ಕೈ ತೆಗೆದು ಗಡ್ಡ ಕೆರೆದುಕೊಂಡರು. ಇನ್ನೊಂದು ದಿನ ಹಲ್ಲುಗಳ ನಡುವೆ ನಾಲಿಗೆ ಇಟ್ಟುಕೊಂಡು ಟೈರಿನಿಂದ ಗಾಳಿ ಹೋಗುವಂಥ ಸದ್ದು ಮಾಡುತ್ತಿದ್ದರು. ಮತ್ತೊಮ್ಮೆ ತುಟಿಯ ಮುಂದೆ ಕಾಗದದ ಚೂರು ಹಿಡಿದು ಅದರ ಮೇಲೆ ಉಸಿರು ಬಿಡುತ್ತಿದ್ದರು. ಏನು ತಾತ ಎಂದು ಕೇಳಿದರೆ "ಏನಿಲ್ಲ, ಸೆಕೆ" ಅಂದರು. ಬೆರಳಗಲದ ಕಾಗದದಲ್ಲಿ ಯಾರಾದರೂ ಗಾಳಿ ಬೀಸಿಕೊಳ್ಳುತ್ತಾರೆಯೇ? ಬಟಾಣಿಯೂ ಅವರ ಕಡೆ ಸೇರಿಕೊಂಡಿದ್ದಳು. ನಾನು ಬಾಗಿಲ ಬಳಿ ಬಂದರೆ ಇಬ್ಬರೂ ಮಾತು ನಿಲ್ಲಿಸಿ ಗೋಡೆ ನೋಡುತ್ತಿದ್ದರು.

ಮೇಲಿನ ಮನೆಯ ಟೈಲರ್ ಆಂಟಿಗೆ ಹೇಳಿದೆ. ಅವರು ಸೂಜಿಯನ್ನು ಬಾಯಲ್ಲಿಟ್ಟುಕೊಂಡೇ, "ನಮ್ಮ ಮೈದುನನಿಗೂ ಹೀಗೇ ಗಂಟಲು ಮುಟ್ಕೊಳ್ಳೋದರಿಂದಲೇ ಶುರುವಾಗಿದ್ದು" ಅಂದರು. ಆಮೇಲೆ ಏನಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವತ್ತಿನಿಂದ ತಾತನ ಲೋಟವನ್ನು ಬೇರೆ ಇಟ್ಟೆ. ಅಂಟುರೋಗ ಎಂದೇನೂ ಗೊತ್ತಿರಲಿಲ್ಲ, ಆದರೆ ಬಟಾಣಿಯೂ ಗಂಟಲು ಮುಟ್ಟಿಕೊಂಡು ಗುಂಯ್‌ಗುಟ್ಟುವುದನ್ನು ಕಂಡಮೇಲೆ ಬೇರೆ ದಾರಿ ಕಾಣಲಿಲ್ಲ. ತಾತ ಆ ಲೋಟವನ್ನು ನೋಡಿದರು, ನನ್ನನ್ನು ನೋಡಿದರು, ಮಾತಿಲ್ಲದೆ ಅದರಲ್ಲೇ ಟೀ ಕುಡಿದರು. ರೋಗ ಮುಚ್ಚಿಡುವವರು ಹೀಗೇ ಸುಮ್ಮನಿರುತ್ತಾರೆ ಎಂದು ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಕೊನೆಗೆ ಒಂದು ಮಧ್ಯಾಹ್ನ ಇಸ್ತ್ರಿ ಅಂಗಡಿಯ ಯಜಮಾನರ ಹತ್ತಿರ ನನಗೆ ತಲೆನೋವು ಎಂದು ಹೇಳಿ ತಾತನ ಹಿಂದೆ ಹೋದೆ. ಗಿರಾಕಿಗಳ ಮುಖ ನೋಡಿ ಮಾತಾಡಲಾರದೆ ಅವರ ಕಾಲರಿಗೆ ಉತ್ತರ ಕೊಡುವವಳು ನಾನು, ಅಂಥವಳು ಬೀದಿಯಲ್ಲಿ ಒಬ್ಬರನ್ನು ಹಿಂಬಾಲಿಸುವುದೆಂದರೆ ನೀನೇ ಯೋಚಿಸು. ಆಸ್ಪತ್ರೆಯ ತಿರುವು ಬಂತು, ತಾತ ತಿರುಗಲಿಲ್ಲ. ನೆಟ್ಟಗೆ ಹೋಗಿ ಬಟಾಣಿಯ ಶಾಲೆಯ ಹಿಂಬಾಗಿಲಿನಿಂದ ಒಳಗೆ ನುಗ್ಗಿದರು. ನಾನು ಕಿಟಕಿಯ ಪಕ್ಕ ಸೈಕಲ್‌ಗಳ ನಡುವೆ ನಿಂತು ಇಣುಕಿದೆ. ಒಳಗೆ ಒಂದು ಕೋಣೆಯ ತುಂಬ ದೊಡ್ಡವರು, ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವ ಹಾಗೆ ಕೂತಿದ್ದರು. ಎಲ್ಲರ ಕೈಯೂ ಗಂಟಲ ಮೇಲೆ. ಎಲ್ಲರೂ ಜೇನ್ನೊಣಗಳ ಹಾಗೆ ಗುಂಯ್‌ಗುಟ್ಟುತ್ತಿದ್ದರು. ಶಾಲೆಯಲ್ಲಿ ಗಂಟಲು ರೋಗಿಗಳನ್ನು ಒಟ್ಟುಮಾಡಿದ್ದಾರೆ ಎಂದುಕೊಂಡೆ ಅಮ್ಮ, ದೇವರಾಣೆಗೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಎಲ್ಲರೂ ಕಾಗದದ ಚೂರು ಎತ್ತಿ ತುಟಿಯ ಮುಂದೆ ಹಿಡಿದರು. ತಾತ ಊದಿದ ರಭಸಕ್ಕೆ ಅವರ ಚೂರು ಹಾರಿ ಪಕ್ಕದ ಬಸ್ ಡ್ರೈವರ್ ಮಡಿಲಿಗೆ ಬಿತ್ತು, ಕೋಣೆಯೆಲ್ಲ ನಕ್ಕಿತು. ರೋಗಿಗಳು ಹಾಗೆ ನಗುವುದಿಲ್ಲವಲ್ಲ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಬಂದೆ, ಒಂದು ಸೈಕಲ್ ಬಿತ್ತು, ಅದು ಪಕ್ಕದ್ದನ್ನೂ ಬೀಳಿಸಿತು. ಬಟಾಣಿಯ ಟೀಚರ್ ಹೊರಗೆ ಬಂದು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು.

ಅವರು ಹೇಳಿದ್ದು ಇದು. ಬಟಾಣಿ ತನ್ನ ಇಂಗ್ಲಿಷ್ ಪುಸ್ತಕವನ್ನು ಓದುತ್ತಲೇ ಇರಲಿಲ್ಲ. ಕೆಂಪು ಚೆಂಡು, ಡಬ್ಬಿಯೊಳಗಿನ ನಾಯಿ, ಎಲ್ಲವೂ ಅವಳಿಗೆ ಬಾಯಿಪಾಠ. ಯಾವ ಚಿತ್ರಕ್ಕೆ ಯಾವ ಸಾಲು, ಎಲ್ಲಿ ಪುಟ ತಿರುಗಿಸಬೇಕು, ಎಲ್ಲಿ ಬೆರಳು ಇಡಬೇಕು, ಎಲ್ಲ ಗೊತ್ತು. ಒಂದು ದಿನ ಟೀಚರ್ ಚಿತ್ರದ ಮೇಲೆ ಅಂಗೈ ಇಟ್ಟು ಓದು ಅಂದರಂತೆ. ಬಟಾಣಿ ಬಾಯಿ ಕಟ್ಟಿಹೋದಂತೆ ನಿಂತಳಂತೆ. ನಡುವಿನ ಒಂದು ಸಾಲು ತೋರಿಸಿದರೆ ಮೊದಲ ಪುಟದಿಂದ ಹೇಳಲು ಶುರುಮಾಡಿದಳಂತೆ. ನಾವು ಅವಳಿಗೆ ಮನೆಯಲ್ಲಿ ಓದಿಸಿದ್ದೂ ಹಾಗೆಯೇ ಅಲ್ಲವೇ? ನಾನು ಹೇಳಿಕೊಡುವುದು, ಅವಳು ಹೇಳುವುದು, ತಾತ ಶಹಬ್ಬಾಸ್ ಅನ್ನುವುದು, ಭಾನುವಾರ ನೀನು ಕೇಳಿ ಕಣ್ಣು ಒರೆಸಿಕೊಳ್ಳುವುದು. ಹೊಸ ಪುಸ್ತಕವೊಂದನ್ನು ತಾನಾಗಿ ಓದಿ ತೋರಿಸದಿದ್ದರೆ ಈ ವರ್ಷ ಅದೇ ಕ್ಲಾಸಿನಲ್ಲಿ ಉಳಿಯುತ್ತಾಳೆ ಎಂದರು ಟೀಚರ್. ಇಂಥ ಮಕ್ಕಳ ಮನೆಯವರಿಗಾಗಿಯೇ ಈ ಮಧ್ಯಾಹ್ನದ ಪಾಠವಂತೆ. ಅಕ್ಷರದ ಸದ್ದನ್ನು ಮೊದಲು ದೊಡ್ಡವರು ಕಲಿತರೆ ಮಕ್ಕಳಿಗೆ ಮನೆಯಲ್ಲಿ ತಪ್ಪು ಪಾಠ ಆಗುವುದಿಲ್ಲವಂತೆ. ಯಾವ ಸದ್ದಿಗೆ ಗಂಟಲು ನಡುಗುತ್ತದೆ, ಯಾವುದಕ್ಕೆ ಕಾಗದ ಅಲುಗುತ್ತದೆ ಎಂದು ನೋಡಿ ಒಂದೊಂದು ಸದ್ದನ್ನೂ ಗುರುತು ಹಿಡಿಯುವುದಂತೆ. ಬೀಗದಕೈ ಮಾಡಿಸಲು ಬಂದಾಗ ಟೀಚರ್ ತಾತನಿಗೆ ಹೇಳಿದ್ದರು. ತಾತ ಅದನ್ನು ನನಗೂ ಹೇಳದೆ ತಾವೇ ಹೋಗಿ ಕೂತಿದ್ದರು.

ಬರುವಾಗ ದಾರಿಯಲ್ಲಿ ಕೇಳಿದೆ, ನನ್ನಿಂದ ಯಾಕೆ ಮುಚ್ಚಿಟ್ಟಿರಿ ಎಂದು. "ನಿನಗೆ ಹೇಳಿದ್ರೆ ನಿನ್ನ ಮುಖ ನಿಮ್ಮಮ್ಮನಿಗೆ ಹೇಳಿಬಿಡ್ತದೆ ಕಣೇ. ಅವಳು ಮಾರನೇ ದಿನವೇ ಬಟ್ಟೆ ಗಂಟು ಕಟ್ಕೊಂಡು ಬಂದು ನಿಲ್ತಾಳೆ" ಅಂದರು. ಸ್ವಲ್ಪ ದೂರ ನಡೆದು, "ಲೋಟ ಬೇರೆ ಇಟ್ಟೆಯಲ್ಲ, ನಾನು ಸಾಯ್ತೀನಿ ಅಂದ್ಕೊಂಡ್ಯಾ?" ಅಂದರು. ನಾನು ಚಪ್ಪಲಿ ನೋಡಿಕೊಂಡು ನಡೆದೆ. "ಇರಲಿ ಬಿಡು, ಆ ಲೋಟ ದೊಡ್ಡದು, ಟೀ ಜಾಸ್ತಿ ಹಿಡೀತದೆ" ಅಂದರು.

ಮರುದಿನದಿಂದ ನಾನೂ ಹೋಗುತ್ತಿದ್ದೇನೆ. ಯಜಮಾನರು ಆ ಹೊತ್ತಿಗೆ ಬಿಡುತ್ತಾರೆ, ಬದಲಿಗೆ ಬೆಳಿಗ್ಗೆ ಬೇಗ ಬಂದು ಇಸ್ತ್ರಿಪೆಟ್ಟಿಗೆಯ ಇದ್ದಿಲು ಹಚ್ಚಬೇಕು. ಆದರೆ ಈ ಇಂಗ್ಲಿಷ್ ಅಕ್ಷರಗಳ ಮೇಲೆ ನನಗೆ ಮೊದಲ ದಿನದಿಂದಲೂ ನಂಬಿಕೆಯಿಲ್ಲ. ನಮ್ಮ 'ಮ'ವನ್ನು ಕರೆದರೆ ಅದು ಮ ಎಂದೇ ಬರುತ್ತದೆ. ಇವಕ್ಕೆ ಕರೆಯುವ ಹೆಸರೇ ಬೇರೆ, ಮಾಡುವ ಸದ್ದೇ ಬೇರೆ. ಡಬ್ಲ್ಯು ಎಂದು ಅಷ್ಟುದ್ದ ಹೆಸರಿಟ್ಟುಕೊಂಡವನ ಹೆಸರಿನಲ್ಲಿ ಅವನ ಸದ್ದೇ ಇಲ್ಲ. ಸಿ ಒಂದು ಕಡೆ ಕ ಆಗುತ್ತಾನೆ, ಇನ್ನೊಂದು ಕಡೆ ಸ ಆಗುತ್ತಾನೆ, ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ನೋಡಿಕೊಂಡು ಮಾತು ಬದಲಿಸುವವರ ಹಾಗೆ. ನೈಫ್ ಎಂಬುದರ ಮುಂದೆ ಕೆ ಸುಮ್ಮನೆ ನಿಂತಿದ್ದಾನೆ. ಕೆಲಸ ಮಾಡದೆ ಬಾಗಿಲಲ್ಲಿ ನಿಂತವನನ್ನು ನಮ್ಮ ಅಂಗಡಿಯಲ್ಲಾದರೆ ಯಜಮಾನರು ಯಾರು ನೀನು ಎಂದು ಕೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅನುಮಾನ ಕೊನೆಯಲ್ಲಿ ಕೂರುವ ಇ ಮೇಲೆ. ಟ್ಯಾಪ್ ಎಂದು ಬರೆದು ಕೊನೆಗೆ ಇವನನ್ನು ಕೂರಿಸಿದರೆ ನಲ್ಲಿ ಹೋಗಿ ಟೈಲರ್ ಆಂಟಿಯ ಟೇಪ್ ಆಗುತ್ತದೆ. ತಾನು ತುಟಿಪಿಟಕ್ ಅನ್ನುವುದಿಲ್ಲ, ಒಳಗಿರುವ ಎ ಕೈಯಲ್ಲಿ ಅವನ ಹೆಸರನ್ನು ಹೇಳಿಸುತ್ತಾನೆ. ಇಂಥವರು ನಮ್ಮ ಬೀದಿಯಲ್ಲೂ ಇದ್ದಾರೆ.

ಟೀಚರ್ ಮೇಲೂ ಅನುಮಾನ ಬಂದಿತ್ತು. ಹಣ್ಣಿನವರು ಬುಟ್ಟಿಯ ಮೇಲೆ ಒಳ್ಳೆಯ ಹಣ್ಣು ಜೋಡಿಸುವ ಹಾಗೆ ನಿಯಮದ ಮಾತು ಕೇಳುವ ಪದಗಳನ್ನೇ ಹಲಗೆಯ ಮೇಲೆ ಬರೆಯುತ್ತಿದ್ದಾರೆ ಅನ್ನಿಸಿತು. ಅಮ್ಮಾ, ನಾನು ಕೈ ಎತ್ತಿದೆ. "ಗೇವ್ ಅನ್ನೋದಕ್ಕೂ ಹ್ಯಾವ್ ಅನ್ನೋದಕ್ಕೂ ಕೊನೇಲಿ ಅದೇ ಇ ಇದ್ಯಲ್ಲ ಮಿಸ್, ಒಂದು ಮಾತು ಕೇಳ್ತು, ಇನ್ನೊಂದು ಯಾಕೆ ಕೇಳಲಿಲ್ಲ?" ಎಂದು ಅವರ ಕಾಲರಿಗೆ ಕೇಳಿದೆ. ಅವರು ಮುಚ್ಚಿಡಲಿಲ್ಲ. ಕೆಲವು ಪದಗಳು ನಿಯಮ ಮುರಿಯುತ್ತವೆ, ಅವುಗಳ ಮುಖವನ್ನೇ ನೆನಪಿಟ್ಟುಕೊಳ್ಳಬೇಕು, ಉಳಿದದ್ದನ್ನು ಸದ್ದು ಕೂಡಿಸಿ ಓದಬಹುದು ಅಂದರು. ಡ್ರೈವರ್ ನನ್ನ ಕಡೆ ತಿರುಗಿ, "ಬಿಡಬೇಡಮ್ಮ, ಹಿಡಿ ಅವರನ್ನ" ಅಂದರು. ಮುರಿಯುತ್ತವೆ ಎಂದು ಒಪ್ಪಿಕೊಂಡ ಮೇಲೆಯೇ ಆ ಟೀಚರ್ ಮಾತಿನಲ್ಲಿ ನನಗೆ ಸ್ವಲ್ಪ ನಂಬಿಕೆ ಬಂದದ್ದು.

ಈಗ ಭಾನುವಾರದ ವಿಷಯಕ್ಕೆ ಬರುತ್ತೇನೆ. ನೀನು ಕೇಳಿದ್ದು ಅವಳು ಹಿಂದೆಂದೂ ಕಾಣದ ಪುಸ್ತಕ. ಚಿತ್ರದ ಮೇಲೆ ನನ್ನ ಅಂಗೈ ಇತ್ತು. ಒಂದು ಅಕ್ಷರದ ಸದ್ದು ಹಿಡಿದು, ಅದು ಜಾರದ ಹಾಗೆ ಇಟ್ಟುಕೊಂಡು ಮುಂದಿನದಕ್ಕೆ ಕೈ ಚಾಚಿ, ಎರಡನ್ನೂ ಅಂಟಿಸಿ, ಬಿದ್ದುಹೋದರೆ ಮತ್ತೆ ಎತ್ತಿಕೊಂಡು ಓದುತ್ತಿದ್ದಳು. ಹಲ್ಲಿನ ಸಂದಿಯಿಂದ ಗಾಳಿ ಬೇರೆ. ಕೇಳಲು ಚೆಂದವಾಗಿರಲಿಲ್ಲ, ನಿಜ. ಆದರೆ ಅಮ್ಮಾ, ಇಷ್ಟು ದಿನ ಅವಳು ನೀರು ಕುಡಿದ ಹಾಗೆ ಹೇಳಿದ್ದು ಓದಲ್ಲ. ಮೊನ್ನೆ ತಡವರಿಸಿದ್ದೇ ಓದು. ಸೋಮವಾರ ಟೀಚರ್ ಇನ್ನೊಂದು ಹೊಸ ಪುಸ್ತಕ ಕೊಟ್ಟು ಚಿತ್ರ ಮುಚ್ಚಿದರು. ಬಟಾಣಿ ಬೆವರುತ್ತಾ ಎರಡು ಪುಟ ಓದಿದಳು. ಒಂದು ಕಡೆ ಸಿಕ್ಕಿಹಾಕಿಕೊಂಡಾಗ ತಾತ ತಡೆಯಲಾರದೆ ಬಾಯಿ ತೆರೆದರು, ಟೀಚರ್ ಅವರ ಕಡೆ ಬೆರಳು ತೋರಿಸಿ ಸುಮ್ಮನಿರಿಸಿದರು. ಬಹಳ ಹೊತ್ತು ಕಾದೆವು. ಕಡೆಗೆ ಅವಳೇ ಬಿಡಿಸಿಕೊಂಡಳು. ಅವಳನ್ನು ಮುಂದಿನ ಕ್ಲಾಸಿಗೆ ಹಾಕುತ್ತಾರೆ. ಆದ್ದರಿಂದ ಬಟಾಣಿಗಾಗಿ ನೀನು ಕೆಲಸ ಬಿಟ್ಟು ಬರಬೇಕಾಗಿಲ್ಲ. ಭಾನುವಾರ ಅವಳು ಓದುವಾಗ ನಡುವೆ ಹೇಳಿಕೊಡಬೇಡ, ನಿನಗೆ ಕಷ್ಟ ಎಂದು ಗೊತ್ತು, ಆದರೂ ಕಾಯು.

ತಾತ ನಿನ್ನ ಕ್ಷೇಮ ಕೇಳಿದ್ದಾರೆ, ಮಂಡಿಗೆ ಬಿಸಿನೀರಿನ ಶಾಖ ಕೊಡಬೇಕಂತೆ. ಬಟಾಣಿ ಮುತ್ತು ಕೊಟ್ಟ ಜಾಗದಲ್ಲಿ ಶಾಯಿ ಹರಡಿದೆ, ಅದು ನನ್ನ ತಪ್ಪಲ್ಲ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಮಾತಿಗೆ ಕಾಯುವ
ನಿನ್ನ ದೊಡ್ಡ ಮಗಳು

ಮತ್ತೆ: ಕವರ್ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ತಾತ ಹೊರಗೆ ಹೋಗಿದ್ದಾರೆ, ಅವರಿಗೆ ಗೊತ್ತಿಲ್ಲ. ಅಮ್ಮಾ, ಪ್ರತಿ ಭಾನುವಾರ ನೀನು ಚೆನ್ನಾಗಿದ್ದೀನಿ, ಊಟ ಆಯ್ತು, ಮನೆಯವರು ಒಳ್ಳೆಯವರು, ಚಿಂತೆ ಮಾಡಬೇಡಿ ಅನ್ನುತ್ತೀ. ಯಾವಾಗಲೂ ಅದೇ ಮಾತು, ಅದೇ ಸಾಲು. ಮೊನ್ನೆ ನಾನು ನಡುವೆ ಬಾಯಿ ಹಾಕಿ ನಿನಗೆ ಮಲಗಲು ಬೇರೆ ಕೋಣೆ ಕೊಟ್ಟರಾ ಎಂದು ಕೇಳಿದೆ. ನೀನು ಮತ್ತೆ ಚೆನ್ನಾಗಿದ್ದೀನಿ ಎಂದು ಮೊದಲಿನಿಂದ ಶುರುಮಾಡಿದೆ. ಬಂದುಬಿಡ್ತೀನಿ ಎಂಬ ಒಂದೇ ಮಾತು ಆ ಸಾಲಿನಲ್ಲಿ ಇರಲಿಲ್ಲ, ಅದನ್ನು ಹೇಳುವಾಗ ಮಾತ್ರ ನೀನು ತಡವರಿಸಿದೆ. ನಿನಗೇ ಬರಬೇಕು ಅನ್ನಿಸಿದರೆ ಬಟಾಣಿಯ ನೆಪ ಬೇಡ, ಬಾ. ಲೋಟಗಳು ಬೇಕಾದಷ್ಟಿವೆ. ಈ ಭಾನುವಾರ ಬಟಾಣಿಯನ್ನು ಆಂಟಿಯ ಮನೆಗೆ ಕಳಿಸಿ ನಾನೊಬ್ಬಳೇ ಫೋನ್ ಎತ್ತುತ್ತೇನೆ. ಎಷ್ಟು ತಡವಾದರೂ ಆಗಲಿ, ಒಂದೊಂದೇ ಮಾತು ಕೂಡಿಸಿ ಹೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ.