ಡಾಟ್ ರೊಟ್ಟಿಯ ಸಂಪರ್ಕ ವ್ಯಕ್ತಿಗೆ

ವಿಜಯಪುರ,
೨೧೮೯ನೇ ಇಸವಿ, ಫೆಬ್ರವರಿ ಮೂವತ್ತು

ಮುಂಜಾವು ರೊಟ್ಟಿ ಮಹಿಳಾ ಸಂಘದ ನೀಲಗಂಗವ್ವ ಉಳ್ಳಾಗಡ್ಡಿಯವರಿಗೆ, ಅದೇ ಸಂಘದ ಸಾಗಾಣಿಕೆ ನೋಡಿಕೊಳ್ಳುವ ಚನ್ನಬಸವ್ವ ಗಾಣಿಗೇರ ಮಾಡುವ ಶರಣು.

ಖರ್ಚು ಹೇಳದೆ ಕಥೆ ಹೇಳುವವರನ್ನು ನಾನು ನಂಬುವುದಿಲ್ಲ, ಆದ್ದರಿಂದ ಮೊದಲು ಖರ್ಚು. ನಿಮ್ಮ ಒಂದು ಸಹಿಯ ಸಲುವಾಗಿ ಸಮರ್ಖಂಡಕ್ಕೆ ಹೋಗಿಬರುವ ರೈಲಿಗೆ ಒಂಬೈನೂರು ಬಿಸಿಲು, ಸಭೆಯ ಪ್ರವೇಶಕ್ಕೆ ನಾನೂರು, ನಾಟಕದ ಕಂಪನಿಯಿಂದ ಬಾಡಿಗೆಗೆ ತಂದ ಬಿಳಿ ಕೂದಲಿನ ಟೋಪನ್ನಿಗೆ ಮೂವತ್ತು. ಒಟ್ಟು ಸಾವಿರದ ಮುನ್ನೂರ ಮೂವತ್ತು. ಊರುಗೋಲು ನಮ್ಮತ್ತೆಯದು, ಪುಕ್ಕಟೆ. ಆರುನೂರ ನಲವತ್ತು ಖಡಕ್ ರೊಟ್ಟಿ ಮತ್ತು ಎರಡು ಡಬ್ಬಿ ಶೇಂಗಾ ಹಿಂಡಿ ಮನೆಯವು. ಹನ್ನೊಂದು ದಿನದ ನನ್ನ ದುಡಿಮೆಗೆ ಸಂಘದವರು ಬೆಲೆ ಕಟ್ಟಲಿಲ್ಲ. ಒಂದು ದವಡೆಹಲ್ಲು ಸಭೆಯವರು ಬಡಿಸಿದ ಬ್ರೆಡ್ಡಿಗೆ ಹೋಯಿತು. ಅದನ್ನು ಯಾವ ಬಾಬತ್ತಿಗೆ ಬರೆಯಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.

ಈಗ ಕ್ಷಮೆಯ ಮಾತು. ಮೇಲಿನ ತಾರೀಖು ಓದಿ ನೀವು ಹುಬ್ಬು ಗಂಟಿಕ್ಕಿರುತ್ತೀರಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಉಂಟು. ಆ ತಿಂಗಳಿಗೆ ಅನ್ಯಾಯವಾಗಿದೆ ಎಂದು ಒಪ್ಪಲು ಒಂದು ಸಮಿತಿಗೆ ಹತ್ತೊಂಬತ್ತು ವರ್ಷ ಹಿಡಿಯಿತು; ಕೊನೆಗೆ ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಕೊಟ್ಟರು. ಬಿಸಿಲು ಎಂದರೆ ನಮ್ಮ ನಾಣ್ಯ: ಒಂದು ಗಜ ಮಾಳಿಗೆಯ ಮೇಲೆ ಒಂದು ಹಗಲು ಬಿದ್ದದ್ದನ್ನು ಹಿಡಿದು ಕೂಡಿಟ್ಟರೆ ಎಷ್ಟೋ ಅಷ್ಟು. ನಿಮ್ಮ ಕಾಲದವರು ಬೈದುಕೊಂಡು ತಲೆಗೆ ಟವೆಲು ಸುತ್ತಿದ ಬಿಸಿಲು ಇದೇ. ಈಗ ಲಂಡನ್ನಿನವರು ನಮ್ಮ ಕಲಬುರಗಿಗೆ ಬಂದು ಕೈಗಡ ಕೇಳುತ್ತಾರೆ. ಈ ಕಾಗದ ಬಂದದ್ದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಅದಕ್ಕೆ ತೂಕದ ಲೆಕ್ಕವಿಲ್ಲ, ವರ್ಷಕ್ಕಿಷ್ಟು ಎಂದು ದರ. ಉಪಯೋಗಕ್ಕೆ ಬರುವಂಥದ್ದೇನಾದರೂ ಬರೆದರೆ, ಲಾಟರಿ ನಂಬರು, ಸೈಟಿನ ರೇಟು, ಯಾರ ಮಗಳು ಯಾರ ಮನೆಗೆ, ಟಪಾಲಿನವರು ಕತ್ತರಿಸಿಬಿಡುತ್ತಾರೆ. ಈ ಪತ್ರ ನಿಮಗೆ ಪೂರ್ತಿ ತಲುಪಿದ್ದರೆ, ಇದರಲ್ಲಿ ಉಪಯೋಗದ ಮಾತು ಒಂದೂ ಇಲ್ಲವೆಂದು ಅವರು ತೀರ್ಮಾನಿಸಿದರೆಂದು ತಿಳಿಯಿರಿ.

ಈ ತಿಂಗಳು ನಿಮ್ಮ ಮುಂದೆ ಒಂದು ಫಾರಂ ಬರುತ್ತದೆ. ಅಂತರ್ಜಾಲದ ಹೆಸರುಗಳ ಕೊನೆಗೆ ಚುಕ್ಕಿ ಇಟ್ಟು ಬರೆಯುವ ಡಾಟ್ ಕಾಮ್ ಇದೆಯಲ್ಲ, ನಾವು ಅದನ್ನು ಬಾಲ ಎನ್ನುತ್ತೇವೆ. ಬಡ ಸಂಘಗಳಿಗೆಂದು ಇಟ್ಟ ರಿಯಾಯಿತಿಯಲ್ಲಿ ಡಾಟ್ ರೊಟ್ಟಿ ಎಂಬ ಬಾಲ ನಿಮಗೆ ಸಿಗಲಿದೆ. "ಇದನ್ನ ತಗೊಂಡು ಉಪ್ಪಿನಕಾಯಿ ಹಾಕೂದೇನ?" ಎಂದು ನೀವು ಕೇಳಲಿದ್ದೀರಿ, ನಡಾವಳಿ ಪುಸ್ತಕದಲ್ಲಿ ಇದೆ. ನಮ್ಮ ಕಾಲದಲ್ಲಿ ಬಾಲವಿಲ್ಲದ ಸರಕು ಯಾವ ಬಂದರನ್ನೂ ದಾಟುವುದಿಲ್ಲ. ಬುಟ್ಟಿಗೊಂದು ಹೆಸರು, ಹೆಸರಿಗೊಂದು ಬಾಲ. ಗೇಟು ಅದನ್ನು ಓದಿಕೊಂಡು ತಾನಾಗಿ ತೆರೆಯುತ್ತದೆ. ಸಿಂದಗಿಯ ಕಾಶಿಬಾಯಿ ಡಾಟ್ ರೊಟ್ಟಿ, ಇಂಡಿ ಊರಿನ ರೇಹಾನಾ ಡಾಟ್ ರೊಟ್ಟಿ, ಹೀಗೆ ನಾಲ್ಕು ಸಾವಿರದ ಮುನ್ನೂರು ಹೆಂಗಸರು. ಕೈಯಿಂದ ಬಡಿದ ರೊಟ್ಟಿಗೆ ಮಾತ್ರ ಈ ಬಾಲ ಎಂಬ ನಿಯಮ ನೀವೇ ಮಾಡಿದ್ದು. ನಾರ್ವೆ ದೇಶದಲ್ಲಿ ಆ ರೊಟ್ಟಿ ಮುರಿಯುವ ಸದ್ದು ಕೇಳಲೆಂದೇ ದುಡ್ಡು ಕೊಡುತ್ತಾರೆ. ಬಾಲ ಹೋಯಿತೆಂದರೆ ಗೇಟು ಮುಚ್ಚಿತು, ನಾಲ್ಕು ಸಾವಿರದ ಮುನ್ನೂರು ಹಂಚು ಬೋರಲು ಬಿದ್ದವು.

ಬಾಲ ಉಳಿಯಬೇಕಾದರೆ ಒಂದು ಷರತ್ತು. ಫಾರಮ್ಮಿನಲ್ಲಿ ಸಂಪರ್ಕ ವ್ಯಕ್ತಿ ಎಂಬ ಅಂಕಣ ಇದೆ. ಅಲ್ಲಿ ಹೆಸರು ಬರೆದವರಿಗೆ ವಿಶ್ವ ನಾಮಸಭೆಯಿಂದ, ಅಂದರೆ ಜಗತ್ತಿನ ಬಾಲಗಳನ್ನೆಲ್ಲ ಕಾಯುವ ಸಭೆಯಿಂದ, ವರ್ಷಕ್ಕೊಮ್ಮೆ ಒಂದು ಪ್ರಶ್ನೆ ಬರುತ್ತದೆ: ನೀವು ಇದ್ದೀರಾ? ಹದಿನೈದು ದಿನದಲ್ಲಿ ಉತ್ತರ ಹೋಗದಿದ್ದರೆ ಬಾಲ ಹರಾಜಿಗೆ. ಇರುವಷ್ಟು ಕಾಲ ನೀವು ತಪ್ಪದೆ ಉತ್ತರಿಸಿದಿರಿ. ಆಮೇಲೆ ಹೋದಿರಿ. ತಾರೀಖು ಬರೆದರೆ ಕತ್ತರಿಸುತ್ತಾರೆ. ಉಂಡು ಕೈತೊಳೆದ ಮೇಲೆ ಎಂದಷ್ಟೇ ಹೇಳುತ್ತೇನೆ. ಸಂಘದವರು ಹೆಸರು ಬದಲಿಸಿಕೊಡಿ ಎಂದು ಬರೆದರು. ಬದಲಾವಣೆಯ ಫಾರಮ್ಮಿಗೆ ಹಾಲಿ ಸಂಪರ್ಕ ವ್ಯಕ್ತಿಯ ಸಹಿ ಬೇಕು ಎಂದು ಉತ್ತರ ಬಂತು. ಅವರು ತೀರಿಕೊಂಡಿದ್ದಾರೆ ಎಂದರೆ, ಆ ಸಂಗತಿಯನ್ನು ಅವರೇ ಖುದ್ದಾಗಿ ದೃಢಪಡಿಸಲಿ ಎಂದರು. ಅಷ್ಟರಲ್ಲಿ ವರ್ಷದ ಪ್ರಶ್ನೆ ಬಂತು. ಹದಿನಾಲ್ಕನೇ ದಿನ ಯಾರೋ ಒಬ್ಬಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬರೆದಳು: "ಅದೀನ್ರಿ."

ಅಂದಿನಿಂದ ನೂರಕ್ಕೂ ಮಿಕ್ಕಿ ವರ್ಷ ನೀವು ಇದ್ದೀರಿ. ದಯವಿಟ್ಟು ಲೆಕ್ಕ ಹಾಕಿಕೊಂಡು ಕೂರಬೇಡಿ.

ಬರೀ ಇದ್ದದ್ದಲ್ಲ, ಮೇಲೆ ಬಂದಿರಿ. ಹೊತ್ತಿಗೆ ಸರಿಯಾಗಿ ಉತ್ತರಿಸುವವರು ಆ ಸಭೆಯಲ್ಲಿ ಕಡಿಮೆ, ಹಾಗಾಗಿ ನಿಮ್ಮನ್ನು ಸಮಿತಿಗಳಿಗೆ ಹಾಕತೊಡಗಿದರು. ನಾನೂರು ಪುಟದ ಕರಡುಗಳು ನಿಮ್ಮ ಹೆಸರಿಗೆ ಬರುತ್ತಿದ್ದವು. ಯಾರ ಕೈ ಖಾಲಿ ಇದೆಯೋ ಅವಳು ನಾಲ್ಕು ಪುಟ ತಿರುವಿ ಅಭಿಪ್ರಾಯ ಕಳಿಸುವಳು. ಒಮ್ಮೆ ಒಬ್ಬಳು ಒಲೆಯ ಮೇಲೆ ಹಂಚು ಕಾದಿದ್ದ ಅವಸರದಲ್ಲಿ "ಇದು ಯಾರಿಗೆ ಬೇಕಾಗೇದ?" ಎಂದಷ್ಟೇ ಬರೆದಳು. ಆ ಕರಡು ಬಿದ್ದೇಹೋಯಿತು. ಈಗ ಅದಕ್ಕೆ ನೀಲಗಂಗಾ ಪರೀಕ್ಷೆ ಎಂದು ಹೆಸರು. ಜಿನೀವಾದ ಕಾಲೇಜುಗಳಲ್ಲಿ ಎರಡನೇ ವರ್ಷಕ್ಕೆ ಪಾಠ ಇದೆ.

ಹೆಸರು ಬಂದಲ್ಲಿ ಕಣ್ಣೂ ಬೀಳುತ್ತದೆ. ಏಕರುಚಿ ಕೂಟ ಎಂಬ ದೊಡ್ಡ ಕಂಪನಿ ಇದೆ, ಜಗತ್ತಿನ ಯಂತ್ರಗಳ ದೋಸೆ, ಬ್ರೆಡ್ಡು, ಚಪಾತಿಗಳಿಗೆಲ್ಲ ಒಂದೇ ರುಚಿ ತಂದ ಪುಣ್ಯಾತ್ಮರು. ಅವರಿಗೆ ನಮ್ಮ ಬಾಲ ಬೇಕಾಯಿತು. ಅವರ ವಕೀಲ ಆಲ್ಬನ್ ಪ್ರೂಸ್ ಹಳೆಯ ಫಾರಂ ತೆಗೆಸಿ ನಿಮ್ಮ ಹುಟ್ಟಿದ ಇಸವಿ ನೋಡಿದ. ಸಾವಿರದ ಒಂಬೈನೂರ ಎಂಬತ್ಮೂರು. ನೋಟಿಸು ಬಂತು: ಇನ್ನೂರ ಆರು ವರ್ಷದ ಸಂಪರ್ಕ ವ್ಯಕ್ತಿ ಈ ಸಲದ ಸಭೆಯ ಮೂರನೇ ದಿನ ಖುದ್ದಾಗಿ ಹಾಜರಾಗಬೇಕು, ಇಲ್ಲವೇ ಬಾಲ ಬಿಡಬೇಕು.

ಸಂಘದ ಸಭೆ ಸೇರಿತು. ಅಧ್ಯಕ್ಷೆ ಗೌರಾಬಾಯಿ ಕಟಗೇರಿ ಎಲ್ಲರ ಮುಖ ಒಮ್ಮೆ ನೋಡಿ ನನ್ನಲ್ಲಿ ನಿಂತರು.

"ಚನ್ನಬಸವ್ವ, ನೀನ ಹೋಗು. ಮುದುಕಿ ಮಾಡಿ ಕಳಸೂಣು. ನಿನಗಾದ್ರ ಮೇಕಪ್ಪಿನ ಖರ್ಚ ಕಡಿಮಿ."

"ನನಗ ಅರವತ್ತೊಂದ್ರಿ ಬಾಯಾರ."

"ಹೌದವ್ವಾ. ನಿನ್ನ ಮಾರಿಗೆ ಅದನ್ನ ಯಾರೂ ಹೇಳಿಲ್ಲ."

ಹಿಂದಿನಿಂದ ಯಾರೋ, "ಮಾರಿ ಇರ್ಲಿ, ಆ ಬಾಯಿ ನೋಡಿ ಕಳಸ್ರಿ. ಸತ್ತಾಕಿ ಪರವಾಗಿ ಮಾತಾಡಾಕ ಬದುಕಿರೋರ ಎರಡಷ್ಟ ಬಾಯಿ ಬೇಕು," ಎಂದರು. ತೀರ್ಮಾನವಾಯಿತು.

ಸಮರ್ಖಂಡ ನಾಲ್ಕು ದಿನದ ಹಾದಿ. ಸಭೆಯ ಬಾಗಿಲಲ್ಲಿ ಕಿವಿಬೀಜ ಕೊಡುತ್ತಾರೆ: ಕಡಲೆಕಾಳಿನಷ್ಟು ಇರುತ್ತದೆ, ಕಿವಿಗೆ ಇಟ್ಟುಕೊಂಡರೆ ಯಾವ ಭಾಷೆಯನ್ನೂ ನಮ್ಮ ಭಾಷೆಗೆ ತಿರುಗಿಸುತ್ತದೆ. ನನಗೆ ಸಿಕ್ಕದ್ದು ಯಾವ ಕಾಲದ ಕನ್ನಡ ಕಲಿತಿತ್ತೋ, "ಕುಳಿತುಕೊಳ್ಳಿ" ಎಂದರೆ "ಆಸನವನ್ನು ಅಲಂಕರಿಸತಕ್ಕದ್ದು" ಎನ್ನುತ್ತಿತ್ತು. ಬೆಳಿಗ್ಗೆ ಹಾಜರಿ. ಎಂಟುನೂರ ಹನ್ನೆರಡು ಸಂಪರ್ಕ ವ್ಯಕ್ತಿಗಳ ಹೆಸರು ಕರೆಯುತ್ತಾರೆ, ಪ್ರತಿ ಹೆಸರಿಗೂ ಎಲ್ಲಿಂದಲೋ "ಇದ್ದೇನೆ" ಎಂದು ದನಿ ಬರುತ್ತದೆ. ಕೆಲವರ ಕೊರಳಲ್ಲಿ ಮೂರು ಮೂರು ಹೆಸರಿನ ಬಿಲ್ಲೆ. ನನ್ನ ಪಕ್ಕದ ಮಹಾಶಯ ಮೂರು ಹೆಸರಿಗೆ ಮೂರು ದನಿಯಲ್ಲಿ ಇದ್ದೇನೆ ಎಂದ, ಅದರಲ್ಲೊಂದು ಹೆಣ್ಣುದನಿ. ಯಾರೂ ತಿರುಗಿ ನೋಡಲಿಲ್ಲ.

ನಾನು ರೊಟ್ಟಿ ಬುಟ್ಟಿ ಹೊತ್ತು ಮನೆಮನೆ ತಿರುಗಿ ಮೇಲೆ ಬಂದವಳು. ಮದುವೆ ಮನೆಗೆ ಹೋದರೆ ತಲೆ ಎಣಿಸುವುದಿಲ್ಲ, ತಾಟು ಎಣಿಸುತ್ತೇನೆ. ತಲೆ ಸುಳ್ಳು ಹೇಳುತ್ತದೆ, ತಾಟು ಹೇಳುವುದಿಲ್ಲ. ಮೊದಲ ದಿನ ಹಾಜರಿ ಎಂಟುನೂರ ಹನ್ನೆರಡು, ತಾಟು ಮುನ್ನೂರ ಒಂಬತ್ತು. ಎರಡನೇ ದಿನ ಮುನ್ನೂರ ಹನ್ನೊಂದು, ಆದರೆ ಇಬ್ಬರು ಎರಡೆರಡು ಸಲ ಉಂಡದ್ದನ್ನು ನಾನೇ ನೋಡಿದ್ದೆ. ಅಡುಗೆಯವನನ್ನು ಮೆಲ್ಲಗೆ ಕೇಳಿದೆ, ಎಂಟುನೂರು ಜನಕ್ಕೆ ಇಷ್ಟೇ ಪಾತ್ರೆ ಸಾಕೇ ಎಂದು. ಅವನು ನಕ್ಕ. ಕಿವಿಬೀಜ ಹೇಳಿತು: "ಮಾತೆ, ವಿಂಶತಿ ವರ್ಷಗಳಿಂದ ತ್ರಿಶತ ಜನರಿಗಷ್ಟೇ ಪಾಕ ಸಿದ್ಧಗೊಳಿಸುತ್ತಿದ್ದೇನೆ. ಯಾರೂ ಹಸಿದು ತೆರಳಿಲ್ಲ."

ಮೂರನೇ ದಿನ ನನ್ನ ಪಾಳಿ. ಟೋಪನ್ನು ಹಾಕಿಕೊಂಡು ಕೋಲೂರಿ ಮೈಕಿನ ಮುಂದೆ ನಿಂತೆ. ಎರಡೇ ನಿಮಿಷ ಅವಕಾಶ. ಸಭಾಧ್ಯಕ್ಷೆ ಓಯುನ್ ಎಂಬ ಮಂಗೋಲಿಯಾದ ಹೆಂಗಸು, ಒಳ್ಳೆಯ ಮುಖ. ಪ್ರೂಸ್ ಎದ್ದು ನಿಂತು ಏನೋ ಹೇಳಿದ. ನಾನೇ ನೀಲಗಂಗಾ ಎಂದು ಘೋಷಿಸತಕ್ಕದ್ದು ಎಂದಿತು ಬೀಜ. ನಾನು ಅವನ ಕೊರಳು ನೋಡಿದೆ. ಎರಡು ಬಿಲ್ಲೆ. ಒಂದು ಅವನದು. ಇನ್ನೊಂದು ಏಕರುಚಿ ಕೂಟವನ್ನು ಕಟ್ಟಿದ ಮೂಲಪುರುಷನದು. ಆ ದಿನ ಬೆಳಿಗ್ಗೆಯೂ ಹಾಜರಿಗೆ ಗಂಭೀರವಾಗಿ "ಇದ್ದೇನೆ" ಎಂದಿದ್ದ ದನಿ ಇವನದೇ ಎಂದು ನನಗೆ ಹೊಳೆಯಿತು. ಮೂರು ದಿನದಲ್ಲಿ ಆ ಮೂಲಪುರುಷ ಒಂದು ತುತ್ತೂ ಉಂಡಿರಲಿಲ್ಲ.

ಟೋಪನ್ನು ತೆಗೆದು ಮೇಜಿನ ಮೇಲೆ ಇಟ್ಟೆ.

"ಈ ಕೂದಲಾನೂ ಬಾಡಿಗೀದು, ಈ ವಯಸ್ಸೂ ಬಾಡಿಗೀದು. ನೀಲಗಂಗವ್ವ ಸತ್ತು ನೂರು ವರ್ಷ ಮ್ಯಾಲಾತ್ರಿ. ನಿಮಗ ಅವತ್ತ ಬರದು ತಿಳಿಸೀವಿ, ಆಕೀನ ಬಂದು ಹೇಳ್ಲಿ ಅಂದ್ರಿ. ಬಾಲ ತಗೋತೀರಿ? ತಗೋರಿ. ಒಂದ ಲೆಕ್ಕ ಅಷ್ಟ ಹೇಳ್ರಿ ನನಗ. ಹಾಜರಿ ಎಂಟ್ನೂರಾ ಹನ್ನೆರಡು, ಉಂಡವರು ಮುನ್ನೂರಾ ಒಂಬತ್ತು. ಉಳದ ಐನೂರಾ ಮೂರು ಮಂದಿ ಎಲ್ಲಿ ಉಣ್ಣಾಕತ್ತಾರ? ಇವತ್ತ ಒಂದು ಗಂಟೇಕ್ಕ ನಾನ ರೊಟ್ಟಿ ಬಡಸ್ತೀನಿ. ಸಂಪರ್ಕ ವ್ಯಕ್ತಿಗಳು ಖುದ್ದ ಬಂದು ಕುಂತು ಉಣ್ರಿ. ಯಾರ ತಾಟು ಖಾಲಿ ಉಳೀತದ, ಅವರ ಬಾಲಾನೂ ಹರಾಜಿಗೆ ಹಾಕ್ರಿ. ಮೊದಲನೇ ತಾಟು ಏಕರುಚಿಯವರ ಹಿರ್ಯಾರಿಗೆ. ಕರೀರಿ ಅವರನ್ನ."

ಪ್ರೂಸ್ ಎರಡನೇ ಬಿಲ್ಲೆಯನ್ನು ಅಂಗಿಯೊಳಗೆ ಸರಿಸಿಕೊಂಡ. ಸಭಾಂಗಣದ ತುಂಬ ಬಿಲ್ಲೆಗಳು ಅಂಗಿಯೊಳಗೆ ಹೋಗುವ ಸಣ್ಣ ಸದ್ದು, ಸಂತೆಯಲ್ಲಿ ಚಿಲ್ಲರೆ ಎಣಿಸಿದ ಹಾಗೆ. ಹತ್ತು ನಿಮಿಷದ ವಿರಾಮ ಎಂದರು. ನಾಲ್ಕು ತಾಸು ಹಿಡಿಯಿತು. ನಡುವೆ ಓಯುನ್ ನನ್ನ ಹತ್ತಿರ ಬಂದು ಕೈಹಿಡಿದು ಏನೋ ಪಿಸುಗುಟ್ಟಿದರು. ಬೀಜವೂ ದನಿ ತಗ್ಗಿಸಿತು: "ಅಸ್ಮದೀಯ ಸಂಪರ್ಕ ವ್ಯಕ್ತಿಯು ನಮ್ಮ ಪ್ರಪಿತಾಮಹರಾಗಿರುತ್ತಾರೆ."

ಠರಾವು ಹೀಗಾಯಿತು. ಇರುವಿಕೆ ಎಂದರೇನು ಎಂದು ನಿರ್ಧರಿಸಲು ಒಂದು ಕಾರ್ಯಗುಂಪು. ಅದರ ವರದಿ ಬರುವವರೆಗೆ ಇಲ್ಲದಿರುವ ಕಾರಣಕ್ಕೆ ಯಾರ ಬಾಲವನ್ನೂ ಕಸಿಯತಕ್ಕದ್ದಲ್ಲ. ಅನುಮೋದಿಸಿದವನು ಪ್ರೂಸ್. ಇಂಥದೇ ಹಿಂದಿನ ಗುಂಪು ತಾತ್ಕಾಲಿಕ ಎಂಬ ಪದಕ್ಕೆ ಅರ್ಥ ಹೇಳಲು ನಲವತ್ತೊಂದು ವರ್ಷ ತೆಗೆದುಕೊಂಡಿತ್ತು. ಈ ಗುಂಪಿಗೆ ವಿಷಯದಲ್ಲಿ ಅನುಭವ ಇರುವವರೇ ಅಧ್ಯಕ್ಷರಾಗಬೇಕು ಎಂದು ನಿಮ್ಮನ್ನು ಆರಿಸಿದರು. ಎಂಟುನೂರ ಹನ್ನೆರಡು ಮತ, ವಿರೋಧ ಇಲ್ಲ.

ಇನ್ನು ನನ್ನ ಬೇಡಿಕೆ. ಫಾರಂ ತುಂಬುವ ದಿನ ನಿಮ್ಮ ಪಕ್ಕದಲ್ಲಿ ಸಲಹೆಗೆಂದು ಬಂದ ಒಬ್ಬ ಗೃಹಸ್ಥರು ಕೂತಿರುತ್ತಾರೆ. ಆ ಅಂಕಣದಲ್ಲಿ ಹೆಸರು ಬೇಡ, "ಸಂಘದ ಅಧ್ಯಕ್ಷರು" ಎಂದು ಬರೆಯಿರಿ, ಹುದ್ದೆಗೆ ಸಾವಿಲ್ಲ ಎನ್ನುತ್ತಾರೆ. ಅದು ನೂರಕ್ಕೆ ನೂರು ಸರಿಯಾದ ಮಾತು. ನೀವು ಅದನ್ನು ಕೇಳಿದ್ದರೆ ನಮಗೆ ಸುಳ್ಳೂ ಇರಲಿಲ್ಲ, ಸಮರ್ಖಂಡವೂ ಇರಲಿಲ್ಲ. ಲೆಕ್ಕ ಬಲ್ಲವಳಾಗಿ ನಾನೂ ಅದನ್ನೇ ಹೇಳಬೇಕು.

ಹೇಳುವುದಿಲ್ಲ. ಪ್ರಶ್ನೆ ಬಂದ ದಿನ ನಾವು ಒಲೆ ಆರಿಸಿ ಎಲ್ಲರೂ ಕೂಡುತ್ತೇವೆ. ಈ ವರ್ಷ ಉತ್ತರ ಬರೆಯುವವಳು ಯಾರು? ಅಧ್ಯಕ್ಷರಲ್ಲ, ಹಿರಿಯರಲ್ಲ; ಆ ವರ್ಷ ಯಾರಿಗೆ ಎಲ್ಲರಿಗಿಂತ ಹೆಚ್ಚು ಕಷ್ಟವಾಯಿತೋ ಅವಳು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಒಂದು ವರ್ಷ ನನ್ನ ಪಾಳಿ ಬಂದಿತ್ತು. ಯಾಕೆ ಎಂದು ಇಲ್ಲಿ ಬರೆಯುವುದಿಲ್ಲ. "ಬರಿಯವ್ವಾ" ಎಂದು ಗೌರಾಬಾಯಿ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟರು. ನೀವು ಇದ್ದೀರಾ ಎಂದು ಕೇಳಿತ್ತು. ಯಾರೂ ಅವಸರ ಮಾಡಲಿಲ್ಲ.

ಅದೀನ್ರಿ ಎಂದು ಬರೆದೆ, ನಿಮ್ಮ ಹೆಸರಿನಲ್ಲಿ. ಬರೆದಾದ ಮೇಲೆ ನೋಡಿದರೆ ನಾನೂ ಇದ್ದೆ.

ಹುದ್ದೆಯನ್ನು ಯಾರೂ ನೀವು ಇದ್ದೀರಾ ಎಂದು ಕೇಳುವುದಿಲ್ಲ. ಆದ್ದರಿಂದ ಆ ಗೃಹಸ್ಥರಿಗೆ ಚಹಾ ಕೊಟ್ಟು ಕಳಿಸಿ, ಅಂಕಣದಲ್ಲಿ ನಿಮ್ಮ ಹೆಸರನ್ನೇ ದುಂಡಗೆ, ಪೂರ್ತಿಯಾಗಿ ಬರೆಯಿರಿ.

ಕೊನೆಗೆ, ಯಾರಿಗೆ ಏನು ಸಿಕ್ಕಿತು ಎಂಬುದು. ಏಕರುಚಿ ಕೂಟಕ್ಕೆ ತಮ್ಮ ಬಾಲ ತಮಗೇ ಉಳಿಯಿತು. ಪ್ರೂಸ್‌ಗೆ ಹನ್ನೆರಡು ರೊಟ್ಟಿ. ಮೂರು ಅಲ್ಲೇ ತಿಂದ, ಒಂಬತ್ತು ಕಟ್ಟಿಸಿಕೊಂಡ. ಓಯುನ್ ಅವರಿಗೆ ಮುತ್ತಜ್ಜ. ಐನೂರ ಮೂರು ಮಂದಿಗೆ ಇನ್ನಷ್ಟು ಆಯುಷ್ಯ. ನಿಮಗೆ ಒಂದು ಕುರ್ಚಿ, ಗೌರವಧನ ಇಲ್ಲ. ನನಗೆ ಊರು ನೋಡಿದ ಲಾಭ. ನಾಲ್ಕು ಸಾವಿರದ ಮುನ್ನೂರು ಹೆಂಗಸರಿಗೆ, ನಿನ್ನೆ ಇದ್ದ ಕೆಲಸ ನಾಳೆಗೂ.